ಸೂಜಿ ಕುತ್ತಿಗೆಗೆ ಹೋಗಲಿ, ಪಿರ್ರೆಗೆ ಬೇಡ

ಮಾನ್ಯ ಸಂಪಾದಕರೇ,

ಕಳೆದ ವಾರ ಪಕ್ಕದ ಹಳ್ಳಿಯಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕುತ್ತಿದ್ದರು. ನೆಂಟರ ಮನೆಗೆಂದು ಹೋಗಿದ್ದ ನಾನು ಹಳೆಯ ಚಾಳಿ ಬಿಡಲಾಗದೆ ಅಲ್ಲಿ ಹೋಗಿ ನಿಂತೆ. ಲಸಿಕೆಯ ಹುಡುಗ ಸಿರಿಂಜನ್ನು ಎತ್ತಿನ ಕುತ್ತಿಗೆಯ ಬಳಿ ಒಯ್ದದ್ದೇ ತಡ, ಯಜಮಾನ ಅಡ್ಡ ಬಂದ. “ಕುತ್ತಿಗೆ ಊದಿಕೊಂಡರೆ ನೊಗ ಎಲ್ಲಿಡಲಿ? ಹಿಂದಕ್ಕೆ ಹಾಕಿ ಸ್ವಾಮಿ.” ಹುಡುಗ ಮರುಮಾತಾಡದೆ ಹಿಂದೆ ಹೋಗಿ, ಬಾಲ ಸರಿಸಿ, ಸಗಣಿ ಮೆತ್ತಿದ್ದ ಪಿರ್ರೆಗೆ ಚುಚ್ಚಿ ಮುಂದಿನ ಮನೆಗೆ ಹೊರಟ.

ಆ ಹುಡುಗನನ್ನು ಬೈಯುವ ಯೋಗ್ಯತೆ ನನಗಿಲ್ಲ. ಪಶು ವೈದ್ಯಕೀಯ ಪರೀಕ್ಷಕನಾಗಿ 31 ವರ್ಷ ಹಳ್ಳಿ ಹಳ್ಳಿ ತಿರುಗಿದ್ದೇನೆ. ಅದರಲ್ಲಿ ಮೊದಲ ಹತ್ತು ವರ್ಷ ನಾನೂ ಹಿಂದಕ್ಕೇ ಚುಚ್ಚಿದವನು. ಕೊಟ್ಟಿಗೆಯಲ್ಲಿ ದನದ ಮುಖ ಗೋದಲಿಯ ಕಡೆಗಿರುತ್ತದೆ, ನಮಗೆ ಸಿಗುವುದು ಅದರ ಹಿಂಭಾಗ. ಅಂಗೈಯಿಂದ ಎರಡು ಸಲ ತಟ್ಟಿ ಮೂರನೆಯದಕ್ಕೆ ಸೂಜಿ ಇಳಿಸಿದರೆ ಕೆಲಸ ಮುಗಿಯಿತು. ಸಲೀಸು ಅನ್ನುವುದೊಂದೇ ಅದಕ್ಕಿದ್ದ ಕಾರಣ.

ಆ ಚಾಳಿ ಬಿಡಿಸಿದ್ದು ಒಂದು ಹಳ್ಳಿಕಾರ್ ಕರು. ಒಂದೂವರೆ ವರ್ಷದ ಹೋರಿಗರು, ಭೇದಿಯಾಗಿ ಬಡಕಲಾಗಿತ್ತು. ಪಿರ್ರೆಯಲ್ಲಿ ಮಾಂಸವೆಂಬುದು ಹೆಸರಿಗಷ್ಟೇ ಇತ್ತು. ಎರಡು ದಿನ ಅದೇ ಬಲ ಪಿರ್ರೆಗೆ ಔಷಧ ಕೊಟ್ಟೆ. ಭೇದಿ ನಿಂತಿತು. ನಾಲ್ಕನೆಯ ದಿನ ಹೋಗಿ ನೋಡಿದರೆ ಕರು ಬಲಗಾಲಿನ ಗೊರಸನ್ನು ಹಿಂದಕ್ಕೆ ಮಡಿಚಿಕೊಂಡು, ಹರಡಿನ ಮುಂಭಾಗವನ್ನೇ ನೆಲಕ್ಕೆ ಊರಿ ನಡೆಯುತ್ತಿತ್ತು. ಅಲ್ಲಿನ ಚರ್ಮ ಸವೆದು ಕೆಂಪಗಾಗಿತ್ತು. ಪಿರ್ರೆಯಿಂದ ತೊಡೆಗೆ ಇಳಿಯುವ ದಪ್ಪ ನರಕ್ಕೆ ನನ್ನ ಸೂಜಿಯೋ ಔಷಧವೋ ತಗುಲಿತ್ತು. ಕೊಬ್ಬಿದ ದನದಲ್ಲಿ ಆ ನರಕ್ಕೆ ಮಾಂಸದ ಹೊದಿಕೆ ಇರುತ್ತದೆ. ಬಡಕಲು ದನದಲ್ಲಿ, ಕರುವಿನಲ್ಲಿ ಅದು ಬಹುತೇಕ ಬಯಲಿಗೇ ಬಿದ್ದಿರುತ್ತದೆ.

ಅದರ ಜೋಡಿಯನ್ನು ಬೂಕನಬೆಟ್ಟದ ದನಗಳ ಜಾತ್ರೆಗೆ ಕಟ್ಟಬೇಕೆಂದು ಮನೆಯವರು ಸಾಕಿದ್ದರು. ಜೋಡಿ ಒಡೆಯಿತು. ಒಂಟಿ ಎತ್ತಿಗೆ ಸಿಗುವ ಬೆಲೆ ಎಷ್ಟೆಂದು ದನ ಕಟ್ಟಿದವರಿಗೆ ಹೇಳಬೇಕಾಗಿಲ್ಲ. ಆ ಹಿರಿಯರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅವರ ಮನೆಯಾಕೆ ಎಂದಿನಂತೆ ಕಾಫಿ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಹಾಗಾದರೆ ಎಲ್ಲಿಗೆ ಚುಚ್ಚಬೇಕು? ದನದ ಪಕ್ಕದಲ್ಲಿ ನಿಂತು ಭುಜದ ಮೂಳೆಯ ಮುಂದಿನ ಅಂಚನ್ನು ತಡವಿ ನೋಡಿ. ಅದರ ಮುಂದೆ, ಕುತ್ತಿಗೆಯ ಪಕ್ಕದಲ್ಲಿ, ಅಂಗೈ ಇಟ್ಟರೆ ಮುಚ್ಚಿಹೋಗುವಷ್ಟು ಅಗಲದ ಮುಕ್ಕೋನದ ಜಾಗವಿದೆ. ಅದರ ಮೇಲ್ಗಡೆ, ಕುತ್ತಿಗೆಯ ನೆತ್ತಿಗುಂಟ, ಹಗ್ಗದಂತೆ ಗಟ್ಟಿಯಾದ ನಾರು ಹಾದುಹೋಗುತ್ತದೆ, ಅಲ್ಲಿಗೆ ಬೇಡ. ಕೆಳಗಡೆ ಕತ್ತಿನ ಮೂಳೆ, ಅದಕ್ಕೂ ಕೆಳಗೆ ಬಾಟಲಿ ಏರಿಸುವ ರಕ್ತನಾಳ, ಅಲ್ಲಿಗೂ ಬೇಡ. ನಡುವಿನ ಮೆತ್ತನೆಯ ಜಾಗವೇ ಸೂಜಿಯದು. ಕಾಲುಬಾಯಿ ಜ್ವರದ ಎರಡು ಮಿಲಿ ಲಸಿಕೆ ಅಲ್ಲಿ ಮಾಂಸದೊಳಕ್ಕೆ ನೇರವಾಗಿ ಇಳಿಯಬೇಕು. ಗಳಲೆ, ಚಪ್ಪೆ ರೋಗದ ಲಸಿಕೆಗಳು ಮತ್ತು ಹುಳು, ಉಣ್ಣೆಗೆ ಕೊಡುವ ಐವರ್ಮೆಕ್ಟಿನ್ ಚರ್ಮದಡಿಗೆ ಹೋಗಬೇಕು. ಅದಕ್ಕೆ ಅದೇ ಜಾಗದಲ್ಲಿ ಎರಡು ಬೆರಳಲ್ಲಿ ಚರ್ಮವನ್ನು ಎತ್ತಿ ಹಿಡಿದು, ಡೇರೆಯಂತೆ ಎದ್ದ ಮಡಿಕೆಯ ಬುಡಕ್ಕೆ ಗಿಡ್ಡ ಸೂಜಿಯನ್ನು ಓರೆಯಾಗಿ ತೂರಿಸಬೇಕು. ಮಾಂಸಕ್ಕೋ ಚರ್ಮದಡಿಗೋ ಎಂಬುದು ಬಾಟಲಿಯ ಚೀಟಿಯ ಮೇಲೆ ಬರೆದಿರುತ್ತದೆ. ಅಕ್ಷರ ಸಣ್ಣದೆಂದು ಓದದೆ ಬಿಡುವವರೇ ಹೆಚ್ಚು.

ದನದ ಮಾಂಸವೇ ದೊಡ್ಡ ಉದ್ಯಮವಾಗಿರುವ ಅಮೆರಿಕದಲ್ಲಿ ಈ ಪಾಠ ಬೇರೆ ದಾರಿಯಿಂದ ಬಂತು. 1991ರಲ್ಲಿ ಅಲ್ಲಿ ದೇಶದ ಮಟ್ಟದಲ್ಲಿ ಮಾಂಸದ ಗುಣಮಟ್ಟ ಪರಿಶೀಲಿಸಿದಾಗ ಎದ್ದು ಕಂಡ ದೋಷಗಳಲ್ಲಿ ಇಂಜೆಕ್ಷನ್ನಿನ ಗಾಯದ ಗಂಟುಗಳೂ ಇದ್ದವು. ಅವು ಇದ್ದದ್ದು ಹೆಚ್ಚು ಬೆಲೆಯ ಪಿರ್ರೆಯ ಮಾಂಸದಲ್ಲಿ. ಹೊರಗಿನ ಗುರುತು ಮಾಯವಾಗಿ ಎಷ್ಟೋ ತಿಂಗಳಾದ ಮೇಲೂ ಒಳಗೆ ಗಂಟು ಉಳಿದಿರುತ್ತಿತ್ತು, ಅದರ ಸುತ್ತಲಿನ ಮಾಂಸವೂ ಬಿರುಸಾಗಿರುತ್ತಿತ್ತು. ಕರುವಿರಲಿ ಹೋರಿಯಿರಲಿ, ಚುಚ್ಚುವುದಾದರೆ ಭುಜದ ಮುಂದೆಯೇ ಚುಚ್ಚಿ ಎಂದು ಅಲ್ಲಿನ ಸಾಕಣೆದಾರರಿಗೆ ಹೇಳತೊಡಗಿದರು. ಅವರಿಗೆ ಮಾಂಸದ ಚಿಂತೆ, ನಮಗೆ ಕಾಲಿನ ಚಿಂತೆ. ಸೂಜಿಯ ಜಾಗ ಮಾತ್ರ ಒಂದೇ.

ಔಷಧದ ಪ್ರಮಾಣದ ಮಾತೂ ಇಲ್ಲೇ ಬರಬೇಕು. ದೀರ್ಘಕಾಲ ಕೆಲಸ ಮಾಡುವ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್ ಔಷಧವನ್ನು ಹತ್ತು ಕಿಲೋ ತೂಕಕ್ಕೆ ಒಂದು ಮಿಲಿಯಂತೆ ಕೊಡುತ್ತಾರೆ. 300 ಕಿಲೋದ ಎತ್ತಿಗೆ 30 ಮಿಲಿ ಆಯಿತು. ಅಷ್ಟನ್ನೂ ಒಂದೇ ತೂತಿನಲ್ಲಿ ಸುರಿದರೆ ಕೋಳಿಮೊಟ್ಟೆ ಗಾತ್ರದ ಗಂಟು ಏಳದೆ ಇನ್ನೇನಾದೀತು? ಒಂದು ಜಾಗಕ್ಕೆ ಹತ್ತು ಮಿಲಿಗಿಂತ ಹೆಚ್ಚು ಬೇಡ. ಕುತ್ತಿಗೆಯ ಎರಡೂ ಬದಿಗೆ ಹಂಚಿ, ಒಂದು ಚುಚ್ಚಿಗೂ ಇನ್ನೊಂದಕ್ಕೂ ಅಂಗೈಯಷ್ಟು ಅಂತರ ಬಿಡಿ. ಸೊಟ್ಟಗಾದ ಸೂಜಿಯನ್ನು ನೆಟ್ಟಗೆ ಮಾಡಿ ಮತ್ತೆ ಚುಚ್ಚಬೇಡಿ, ಮುರಿದು ಒಳಗೇ ಉಳಿಯುತ್ತದೆ. ಇಡೀ ಕೇರಿಗೆ ಒಂದೇ ಸೂಜಿಯ ಕಾಲವನ್ನು ನಾನು ಕಂಡಿದ್ದೇನೆ. ಅದು ಮರಳಿ ಬರುವುದು ಬೇಡ.

ಇನ್ನು ಆ ಯಜಮಾನನ ನೊಗದ ಪ್ರಶ್ನೆ. ಅದು ತಳ್ಳಿಹಾಕುವಂಥದ್ದಲ್ಲ. ನೊಗ ಕೂರುವುದು ಹಿಣಿಲಿನ ಮುಂದೆ, ಕುತ್ತಿಗೆಯ ನೆತ್ತಿಯ ಮೇಲೆ. ಸೂಜಿ ಇಳಿಯುವುದು ಅದಕ್ಕಿಂತ ಕೆಳಗೆ, ಪಕ್ಕದಲ್ಲಿ. ಸರಿಯಾದ ಜಾಗಕ್ಕೆ ಬಿದ್ದರೆ ಎರಡಕ್ಕೂ ತಾಗಾಟವಿಲ್ಲ. ಆದರೂ ಎಣ್ಣೆ ಬೆರೆತ ಲಸಿಕೆಯಿಂದ ಸಣ್ಣ ಊತ ಬರುವುದುಂಟು. ಲಸಿಕೆ ಹಾಕಿಸಿದ ಎತ್ತನ್ನು ಒಂದು ವಾರ ಹೂಡಬೇಡಿ ಎಂದು ನಾನು ಹೇಳುತ್ತಿದ್ದೆ. ಬಿತ್ತನೆಯ ಹದದಲ್ಲಿ ಹೀಗೆ ಹೇಳಿದರೆ ರೈತ ಕೇಳುವುದಿಲ್ಲ. ಹಾಗಾಗಿ ಲಸಿಕೆಯ ದಿನ ಗೊತ್ತುಮಾಡುವವರು ಊರಿನ ಮಳೆ, ಬೇಸಾಯವನ್ನೂ ಒಮ್ಮೆ ಕೇಳುವುದು ಒಳ್ಳೆಯದು. 2013ರಲ್ಲಿ ಕಾಲುಬಾಯಿ ಜ್ವರ ನಮ್ಮ ಕಡೆ ಕೊಟ್ಟಿಗೆಗಳನ್ನು ಬರಿದು ಮಾಡಿದ್ದನ್ನು ಕಂಡವನು ನಾನು. ಲಸಿಕೆ ತಪ್ಪಬಾರದು. ಆದರೆ ಕೀವುಗಟ್ಟಿದ ಒಂದು ಗಂಟು ಕಂಡರೆ ಸಾಕು, ಮುಂದಿನ ಸುತ್ತಿಗೆ ಲಸಿಕೆಯವರ ಕಣ್ಣು ತಪ್ಪಿಸಲು ಇಡೀ ಬೀದಿಯ ದನಗಳು ಬೆಳಗ್ಗೆಯೇ ತೋಟ ಸೇರಿರುತ್ತವೆ.

ಕುತ್ತಿಗೆಗೆ ಚುಚ್ಚಲು ದನ ಅಲುಗದೆ ನಿಲ್ಲಬೇಕು. ಮೂಗುದಾರ ಹಿಡಿಯಲು ಒಬ್ಬ, ಕೊಂಬು ಹಿಡಿಯಲು ಒಬ್ಬ. ಈಗ ಮನೆಯಲ್ಲಿರುವುದು ಮುದುಕರು, ಇಲ್ಲವೇ ಹೆಣ್ಣುಮಕ್ಕಳು. ದನ ಒಮ್ಮೆ ತಲೆ ಒದರಿದರೆ ಚುಚ್ಚುವವನ ಎದೆಗೇ ಬೀಳುತ್ತದೆ ಕೊಂಬು. ಅದಕ್ಕೇ ಹುಡುಗರು ಹಿಂದಕ್ಕೆ ಹೋಗುತ್ತಾರೆ. ತರಬೇತಿ ಎಷ್ಟು ಕೊಟ್ಟರೂ ಈ ಹೆದರಿಕೆ ಹೋಗುವುದಿಲ್ಲ, ಹೋಗಲೂಬಾರದು. ಬೇಕಾಗಿರುವುದು ಟ್ರೆವಿಸ್, ಅಂದರೆ ದನವನ್ನು ನಿಲ್ಲಿಸಿ ಕಟ್ಟುವ ಚೌಕಟ್ಟು. ನಮಗೆ ಹತ್ತಿರದ ಪಶು ಆಸ್ಪತ್ರೆಯಲ್ಲಿ ಒಂದಿದೆ, ಆದರೆ ಊರಿಂದ ಆರು ಕಿಲೋಮೀಟರ್. ಕೈಯಷ್ಟೆತ್ತರದ ಕರುವಿನ ತಾಯಿಯನ್ನು ಯಾರು ಅಷ್ಟು ದೂರ ಹೊಡೆದುಕೊಂಡು ಹೋಗುತ್ತಾರೆ? ಹಾಲಿನ ಡೇರಿ ಇರುವ ಪ್ರತಿ ಊರಿನಲ್ಲಿ, ಡೇರಿಯ ಅಂಗಳದಲ್ಲೇ, ಒಂದೊಂದು ಟ್ರೆವಿಸ್ ನಿಲ್ಲಿಸುವಂತೆ ಗ್ರಾಮ ಪಂಚಾಯಿತಿಗಳನ್ನೂ ಪಶುಪಾಲನಾ ಇಲಾಖೆಯನ್ನೂ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ. ಕೆಲವು ಕಬ್ಬಿಣದ ಪೈಪು, ಎರಡು ಚೀಲ ಸಿಮೆಂಟು, ಬೆಸುಗೆಯವನ ಒಂದು ದಿನದ ಕೂಲಿ.

ನಮ್ಮೂರಿನ ಮಟ್ಟಿಗೆ ಪೈಪಿನ ಚಿಂತೆ ಇಲ್ಲ. ಬತ್ತಿಹೋದ ನನ್ನ ಕೊಳವೆಬಾವಿಯಿಂದ ಎತ್ತಿದ ಪೈಪುಗಳು ಹಿತ್ತಲಲ್ಲಿ ಬಿದ್ದಿವೆ, ಕೊಡುತ್ತೇನೆಂದು ಡೇರಿಯವರಿಗೆ ಹೇಳಿದ್ದೇನೆ. ಗುಂಡಿ ತೋಡುವವರು ಇನ್ನೂ ಬಂದಿಲ್ಲ.

— ನಿವೃತ್ತ ಪಶು ವೈದ್ಯಕೀಯ ಪರೀಕ್ಷಕ, ಚನ್ನರಾಯಪಟ್ಟಣ ತಾಲ್ಲೂಕು