ಭಾನುವಾರ ಸೇರೋಣ: ನಮ್ಮ ಪ್ರೇಮಕಥೆಯ ಆಟಕ್ಕೆ ನಿಮ್ಮ ಮಾತು ಬೇಕು

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 4 ಗಂಟೆಗೆ ದಾವಣಗೆರೆಯ ಗಾಜಿನ ಮನೆ ಗೇಟಿನ ಹತ್ತಿರ ಸೇರೋಣ. ಆಯ್ಕೆಗಳನ್ನು ಒತ್ತುತ್ತಾ ಕಥೆ ಮುಂದುವರಿಸುವ ನಮ್ಮ ಪ್ರೇಮಕಥೆಯ ಆಟ ಆಡಿ ನೋಡಿದವರೆಲ್ಲ ದಯವಿಟ್ಟು ಬನ್ನಿ.

ಹೋದ ಸಲ ನೀವು ಹೇಳಿದ್ದು ನಿಜ. ಯಾವ ಆಯ್ಕೆ ಒತ್ತಿದರೂ ನಾಯಕ ಕೊನೆಗೆ ಒಲಿದೇ ಬಿಡುತ್ತಾನೆ. ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ಒಂದು ಗಂಟೆ ಕಾಯಿಸಿದ್ದು ಮುಂದಿನ ಅಧ್ಯಾಯದಲ್ಲಿ ಅವನಿಗೆ ನೆನಪೇ ಇರುವುದಿಲ್ಲ. ಇಂಥ ಆಟ ಕಟ್ಟುವ ಟ್ವೈನ್ ಸಾಫ್ಟ್‌ವೇರ್‌ನಲ್ಲಿ ಒಂದು ವೇರಿಯಬಲ್ (ನೀವು ಒತ್ತಿದ ಆಯ್ಕೆಯನ್ನು ಗುರುತಿಟ್ಟುಕೊಳ್ಳುವ ಜಾಗ) ಇಟ್ಟರೆ ಆ ನೆನಪು ಉಳಿಯುತ್ತದೆ, ಈಗ ಅದನ್ನೇ ಸೇರಿಸಿದ್ದೇವೆ. ‘ನನಗೆ ಇಷ್ಟವಿಲ್ಲ’ ಅನ್ನುವ ದಾರಿಯೂ ಬೇಕು, ಅಲ್ವಾ?

ಬರುವ ಮುಂಚೆ ಮೂರನೇ ಅಧ್ಯಾಯವನ್ನು ಎರಡು ಸಲ, ಬೇರೆ ಬೇರೆ ದಾರಿಯಲ್ಲಿ ಆಡಿ. ಎಲ್ಲಿ ಮನಸ್ಸಿಗೆ ತಟ್ಟಿತು, ಎಲ್ಲಿ ಸುಮ್ನೆ ಒತ್ತಿದಿರಿ, ಬರೆದಿಟ್ಟುಕೊಳ್ಳಿ.

ಶುಕ್ರವಾರ ರಾತ್ರಿಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ. ಆಗದವರು ವಾಯ್ಸ್ ಮೆಸೇಜ್ ಕಳಿಸಿ.