ಯುವ ಬಳಗ ಬೆಳೆಯಬೇಕಾದರೆ ನೀವೂ ಕೈಜೋಡಿಸಬೇಕು

ಪ್ರೀತಿಯ ಪೋಷಕರೇ, ನಮಸ್ಕಾರ.

ಶಾಲೆ ಬಿಟ್ಟ ಮೇಲೆ ನಡೆಯುವ ನಮ್ಮ ಯುವ ಬಳಗಕ್ಕೆ ಸೇರಲು ಕಾಯುತ್ತಿರುವ ಮಕ್ಕಳ ಪಟ್ಟಿ ಬೆಳೆಯುತ್ತಲೇ ಇದೆ. ಸಂತೋಷದ ವಿಷಯ. ಆದರೆ ಬಳಗ ನಡೆಸುತ್ತಿರುವವರು ಕೆಲವೇ ಶಿಕ್ಷಕರು. ದಿನವಿಡೀ ಪಾಠ ಮಾಡಿ ಸಂಜೆ ಇದಕ್ಕೂ ನಿಲ್ಲುತ್ತಾರೆ. ಅವರ ಮೇಲೆ ಇನ್ನೂ ಜಾಸ್ತಿ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ. ಹಾಗಾಗಿ ಬಳಗದ ಮುಂದಾಳತ್ವವನ್ನು ನಿಮ್ಮೊಂದಿಗೆ, ಮಕ್ಕಳೊಂದಿಗೆ ಹಂಚಿಕೊಳ್ಳಬೇಕೆಂದು ತೀರ್ಮಾನಿಸಿದ್ದೇವೆ. ಅದು ಹೇಗೆ ಎಂದು ಹೇಳಲು ಈ ಪತ್ರ.

ಮೊದಲ ಹೆಜ್ಜೆ, ನಿಮ್ಮೊಡನೆ ಕೂತು ಮಾತಾಡುವುದು. ದೊಡ್ಡ ಸಭೆ ಕರೆದರೆ ಮಾತಾಡುವವರು ಯಾವಾಗಲೂ ಅದೇ ನಾಲ್ಕು ಜನ. ಉಳಿದವರು ಕೇಳಿ ಎದ್ದು ಹೋಗುತ್ತಾರೆ. ಸಮುದಾಯ ಸಂಘಟನೆಯಲ್ಲಿ ಪಳಗಿದವರು ಒಬ್ಬೊಬ್ಬರನ್ನೇ ಭೇಟಿಯಾಗಿ ಮಾತಾಡುವುದರಿಂದ ಶುರು ಮಾಡುತ್ತಾರೆ. ಅಮೆರಿಕದ ಕೃಷಿ ಕಾರ್ಮಿಕರ ಚಳವಳಿಯಲ್ಲಿ ದುಡಿದು, ಮುಂದೆ ಹಾರ್ವರ್ಡ್‌ನಲ್ಲಿ ಪಾಠ ಹೇಳಿದ ಮಾರ್ಷಲ್ ಗ್ಯಾಂಜ್ ಇದಕ್ಕೆ ತುಂಬಾ ಒತ್ತು ಕೊಡುತ್ತಾರೆ. ನಾವೂ ಹಾಗೆಯೇ ಮಾಡುತ್ತೇವೆ. ಬಳಗದ ಶಿಕ್ಷಕರೊಬ್ಬರು ಮತ್ತು ದೊಡ್ಡ ತರಗತಿಯ ವಿದ್ಯಾರ್ಥಿಯೊಬ್ಬರು ನಿಮಗೆ ಅನುಕೂಲವಾದ ಹೊತ್ತಿನಲ್ಲಿ ಅರ್ಧ ಗಂಟೆ ನಿಮ್ಮೊಡನೆ ಕೂರುತ್ತಾರೆ. ಹಣದ ಮಾತು ಎತ್ತುವುದಿಲ್ಲ. ನಿಮ್ಮ ಮಗುವಿನ ವಯಸ್ಸಿನಲ್ಲಿ ನಿಮಗೆ ಯಾರು ಆಸರೆಯಾಗಿದ್ದರು, ಈಗಿನ ಮಕ್ಕಳಿಗೆ ಏನು ಸಿಗುತ್ತಿಲ್ಲ, ನಿಮಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆ ಎಂದು ಕೇಳುತ್ತಾರೆ.

ಕೊನೆಯ ಪ್ರಶ್ನೆ ನನಗೆ ಬಹಳ ಮುಖ್ಯ. ಸಮುದಾಯದಲ್ಲಿ ಏನಿಲ್ಲ ಎಂದು ಪಟ್ಟಿ ಮಾಡುವ ಮೊದಲು ಏನಿದೆ ಎಂದು ನೋಡಿ ಎಂದು 1993ರಲ್ಲೇ, ಸಮುದಾಯಗಳ ಬೆಳವಣಿಗೆಯ ಬಗ್ಗೆ ಕೆಲಸ ಮಾಡಿದ ಅಮೆರಿಕದ ಜಾನ್ ಕ್ರೆಟ್ಜ್‌ಮನ್ ಮತ್ತು ಜಾನ್ ಮೆಕ್‌ನೈಟ್ ಬರೆದಿದ್ದರು. ‘ನಾನು ಹೆಚ್ಚು ಓದಿಲ್ಲ, ನನ್ನಿಂದೇನಾಗುತ್ತೆ’ ಎನ್ನುವ ಪೋಷಕರನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಯಂತ್ರ ಬಿಚ್ಚಿ ಜೋಡಿಸುವವರು, ಲೆಕ್ಕ ಇಡುವವರು, ರೋಗಿಗಳನ್ನು ನೋಡಿಕೊಳ್ಳುವವರು, ಜಗಳ ಬಿಡಿಸಬಲ್ಲವರು, ಇವರೆಲ್ಲರ ಹತ್ತಿರವೂ ಮಕ್ಕಳು ಕಲಿಯುವಂಥದ್ದು ಇದೆ.

ಇನ್ನೊಂದು ಕಾರಣವೂ ಇದೆ. ಅಮೆರಿಕದ ಸರ್ಚ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಹದಿಹರೆಯದವರು ಚೆನ್ನಾಗಿ ಬೆಳೆಯಲು ನೆರವಾಗುವ 40 ಅಂಶಗಳನ್ನು ಗುರುತಿಸಿದೆ. ತಂದೆ ತಾಯಿಯನ್ನು ಬಿಟ್ಟು ಇನ್ನೂ ಮೂವರಾದರೂ ದೊಡ್ಡವರ ಬೆಂಬಲ ಇರುವುದು ಅವುಗಳಲ್ಲಿ ಒಂದು. ನಿಮ್ಮ ಮಗುವಿಗೆ ಅಂಥ ಮೂವರು ಯಾರು ಎಂದು ಒಮ್ಮೆ ಯೋಚಿಸಿ. ಒಬ್ಬರ ಹೆಸರೂ ಹೊಳೆಯದಿದ್ದರೆ ಬಳಗ ಅಲ್ಲಿ ನೆರವಾಗಬಹುದು. ನೀವು ಬೇರೆಯವರ ಮಗುವಿಗೆ ಆ ಮೂವರಲ್ಲಿ ಒಬ್ಬರಾಗಬಹುದು.

ಮಕ್ಕಳ ಪಾಲಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಮಕ್ಕಳಿಗೆ ಕೊಟ್ಟಿದೆ. ರೋಜರ್ ಹಾರ್ಟ್ ಎಂಬುವರು 1992ರಲ್ಲಿ ಯುನಿಸೆಫ್‌ಗಾಗಿ ಬರೆಯುತ್ತಾ ಮಕ್ಕಳ ಭಾಗವಹಿಸುವಿಕೆಯನ್ನು 8 ಮೆಟ್ಟಿಲುಗಳ ಏಣಿಯಾಗಿ ತೋರಿಸಿದರು. ಕೆಳಗಿನ ಮೂರು ಮೆಟ್ಟಿಲುಗಳು ಭಾಗವಹಿಸುವಿಕೆಯೇ ಅಲ್ಲ ಎಂದರು. ವೇದಿಕೆಯ ಅಂದಕ್ಕೆ ಮಕ್ಕಳನ್ನು ನಿಲ್ಲಿಸುವುದು, ಹೆಸರಿಗಷ್ಟೇ ಸಮಿತಿಯಲ್ಲಿ ಕೂರಿಸುವುದು ಅಲ್ಲೇ ಬರುತ್ತವೆ. ತೀರಾ ಮೇಲಿನ ಮೆಟ್ಟಿಲಲ್ಲಿ ಅವರು ಇಟ್ಟಿದ್ದು ಮಕ್ಕಳೇ ಶುರು ಮಾಡಿ, ದೊಡ್ಡವರೊಂದಿಗೆ ಸೇರಿ ನಿರ್ಧರಿಸುವುದನ್ನು. ದೊಡ್ಡವರು ಪೂರ್ತಿ ದೂರ ಸರಿಯುವುದನ್ನಲ್ಲ. ನನಗೂ ಅದೇ ಸರಿ ಅನಿಸುತ್ತದೆ. ಆದ್ದರಿಂದ ಬಳಗದ ಸಮಿತಿಯಲ್ಲಿ ಅರ್ಧ ಜನ ವಿದ್ಯಾರ್ಥಿಗಳೇ ಇರುತ್ತಾರೆ. ಖರ್ಚಿನ ಲೆಕ್ಕ ಅವರಿಗೂ ಕಾಣುತ್ತದೆ. ದೊಡ್ಡ ಮಕ್ಕಳು ಚಿಕ್ಕವರ ಗುಂಪುಗಳನ್ನು ನಡೆಸುತ್ತಾರೆ, ಪಕ್ಕದಲ್ಲಿ ಒಬ್ಬ ಶಿಕ್ಷಕರೋ ಪೋಷಕರೋ ಇರುತ್ತಾರೆ.

ಓದು ಹಿಂದೆ ಬೀಳುತ್ತದೆಯೇ ಎಂಬ ಚಿಂತೆ ನಿಮಗಿರುವುದು ಸಹಜ. ಪರೀಕ್ಷೆಯ ದಿನಗಳಲ್ಲಿ ಬಳಗ ನಡೆಯುವುದಿಲ್ಲ. ಯಾವ ಮಗುವೂ ಒಂದಕ್ಕಿಂತ ಹೆಚ್ಚು ಗುಂಪಿನ ಹೊಣೆ ಹೊರುವುದಿಲ್ಲ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಯಾವ ವಿನಾಯಿತಿಯೂ ಇಲ್ಲ. ಬಳಗಕ್ಕೆ ಬರುವ ಪ್ರತಿ ದೊಡ್ಡವರ ಹಿನ್ನೆಲೆಯನ್ನೂ ಪರಿಶೀಲಿಸುತ್ತೇವೆ, ಅವರು ನಮಗೆ ಎಷ್ಟೇ ಪರಿಚಿತರಿರಲಿ. ಯಾರೂ ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರುವಂತಿಲ್ಲ. ಮಕ್ಕಳೊಡನೆ ಖಾಸಗಿಯಾಗಿ ಫೋನ್ ಸಂದೇಶ ಕಳಿಸುವಂತಿಲ್ಲ. ಈ ನಿಯಮಗಳಿಂದ ಯಾರಿಗಾದರೂ ಮುಜುಗರವಾದರೆ ಕ್ಷಮೆ ಇರಲಿ, ನಿಯಮ ಮಾತ್ರ ಬದಲಾಗದು.

ಎಲ್ಲವನ್ನೂ ಒಮ್ಮೆಲೇ ಮಾಡುವುದಿಲ್ಲ. ಮೊದಲು ಒಂದೇ ಹೊಸ ಗುಂಪು. ಅದನ್ನು ನಡೆಸುವವರು ತಮ್ಮ ಜಾಗದಲ್ಲಿ ನಿಲ್ಲಬಲ್ಲ ಇನ್ನೊಬ್ಬರನ್ನು ತಯಾರು ಮಾಡಿದ ಮೇಲೆಯೇ ಮುಂದಿನದು. ಕಾಯುವ ಪಟ್ಟಿಯಲ್ಲಿರುವ ಕೆಲವರಿಗೆ ಇದು ನಿಧಾನ ಅನಿಸುತ್ತದೆ, ಗೊತ್ತು. ಆದರೆ ಒಬ್ಬರ ಉತ್ಸಾಹದ ಮೇಲೆ ನಿಂತ ಗುಂಪು ಅವರು ಊರು ಬಿಟ್ಟರೆ ನಿಂತೇ ಹೋಗುತ್ತದೆ. ಮಕ್ಕಳಿಗೆ ಹಾಗಾಗುವುದು ಬೇಡ.

ಈ ಪತ್ರದ ಜೊತೆ ಒಂದು ಚೀಟಿ ಇದೆ. ಮಾತಿಗೆ ನಿಮಗೆ ಯಾವ ದಿನ, ಯಾವ ಹೊತ್ತು ಆಗುತ್ತದೆ ಎಂದು ಬರೆದು ಮಗುವಿನ ಕೈಯಲ್ಲಿ ತರಗತಿ ಶಿಕ್ಷಕರಿಗೆ ಕಳಿಸಿ. ಬರೆಯಲು ಕಷ್ಟವಾದರೆ ಮಗುವಿಗೆ ಹೇಳಿ ಬರೆಸಿ. ಅಜ್ಜ, ಅಜ್ಜಿ, ಚಿಕ್ಕಪ್ಪ, ಅತ್ತೆ, ಯಾರು ಬಂದರೂ ಸರಿ.

ನಿಮ್ಮ ವಿಶ್ವಾಸದ,
ಮುಖ್ಯೋಪಾಧ್ಯಾಯರು