ಸಮುದಾಯ ಸಂವಾದ: ಕೇಳಲಷ್ಟೇ ಅಲ್ಲ, ಹೇಳಲು ಬನ್ನಿ

ಆತ್ಮೀಯ ಪೋಷಕರೇ,

ಬರುವ ತಿಂಗಳ ಎರಡನೇ ಶನಿವಾರದಿಂದ ನಮ್ಮ ಶಾಲೆಯಲ್ಲಿ ಸಮುದಾಯ ಸಂವಾದಗಳನ್ನು ಆರಂಭಿಸುತ್ತಿದ್ದೇವೆ. ಅಂಕಪಟ್ಟಿಗೆ ಸಹಿ ಹಾಕಿ ಹೊರಡುವ ಸಭೆ ಇದಲ್ಲ. ವೇದಿಕೆ, ಮೈಕು, ಮುಖ್ಯ ಅತಿಥಿಗಳು ಯಾವುದೂ ಇರುವುದಿಲ್ಲ. ನೀವು, ನಿಮ್ಮ ಮಕ್ಕಳು, ಶಿಕ್ಷಕರು, ಕಚೇರಿಯ ಸಿಬ್ಬಂದಿ, ಕೊಠಡಿಗಳನ್ನು ಗುಡಿಸಿ ಒರೆಸುವವರು ಎಲ್ಲರೂ ಸೇರಿ ಕುಳಿತು, ನಾವು ಹಂಚಿಕೊಂಡು ಬಳಸುವ ನೀರು, ಕಾಗದ, ವಿದ್ಯುತ್ತು, ಅಂಗಳ ಇವುಗಳ ಬಗ್ಗೆ ಮಾತನಾಡುತ್ತೇವೆ. ಇವುಗಳನ್ನು ಮುಂದಿನ ತಂಡದ ಮಕ್ಕಳಿಗೂ ಉಳಿಸುವ ದಾರಿಯನ್ನು ಒಟ್ಟಾಗಿ ಹುಡುಕುತ್ತೇವೆ.

ಈ ವಿಚಾರ ತಿಳಿಸಿದಾಗ ಕೆಲವು ಪೋಷಕರು ನೇರವಾಗಿಯೇ ಕೇಳಿದರು: “ಮಾತಿನಿಂದ ಏನಾಗುತ್ತದೆ? ಏನು ಮಾಡಬೇಕೆಂದು ನೀವೇ ತೀರ್ಮಾನಿಸಿ ಹೇಳಿಬಿಡಿ, ನಾವು ಮಾಡುತ್ತೇವೆ.” ಆ ಮಾತಿನ ಹಿಂದಿರುವ ವಿಶ್ವಾಸಕ್ಕೆ ನಾನು ಋಣಿ. ಆದರೂ ಒಪ್ಪಲಾರೆ. ಯಾಕೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದ ಎಲಿನಾರ್ ಆಸ್ಟ್ರಮ್, ಆ ವಿಭಾಗದಲ್ಲಿ ಪ್ರಶಸ್ತಿ ಗಳಿಸಿದ ಮೊದಲ ಮಹಿಳೆ. ಹುಲ್ಲುಗಾವಲು, ಮೀನುಗಾರಿಕೆಯ ನೀರು, ನೀರಾವರಿ ಕಾಲುವೆಗಳಂಥ ಎಲ್ಲರ ಸೊತ್ತುಗಳು ಹೇಗೆ ಉಳಿಯುತ್ತವೆ, ಹೇಗೆ ಹಾಳಾಗುತ್ತವೆ ಎಂಬುದನ್ನು ಅವರು ದಶಕಗಳ ಕಾಲ ಅಧ್ಯಯನ ಮಾಡಿದರು. ಅವರೂ ಅವರ ಸಹೋದ್ಯೋಗಿಗಳೂ ನಡೆಸಿದ ಒಂದು ಬಗೆಯ ಪ್ರಯೋಗ ನಮ್ಮ ಪ್ರಶ್ನೆಗೆ ನೇರವಾಗಿ ಉತ್ತರ ಕೊಡುತ್ತದೆ. ಒಂದು ಗುಂಪಿಗೆ ಎಲ್ಲರಿಗೂ ಸೇರಿದ ಸಂಪನ್ಮೂಲವೊಂದನ್ನು ಕೊಡಲಾಯಿತು. ಒಬ್ಬೊಬ್ಬರೂ ಹೆಚ್ಚು ಹೆಚ್ಚು ತೆಗೆದುಕೊಂಡರೆ ಒಟ್ಟಾರೆ ಎಲ್ಲರಿಗೂ ನಷ್ಟ. ಪರಸ್ಪರ ಮಾತನಾಡುವಂತಿಲ್ಲ ಎಂದಾಗ ಜನ ಮಿತಿಮೀರಿ ಬಾಚಿಕೊಂಡರು. ಎದುರುಬದುರು ಕುಳಿತು ಮಾತನಾಡಲು ಬಿಟ್ಟಾಗ ಬಳಕೆ ಹಿಡಿತಕ್ಕೆ ಬಂದು, ಒಟ್ಟು ಲಾಭ ಗಣನೀಯವಾಗಿ ಏರಿತು. ಕೊಟ್ಟ ಮಾತಿಗೆ ತಪ್ಪಿದರೆ ಶಿಕ್ಷೆಯೇನೂ ಇರಲಿಲ್ಲ ಎಂಬುದನ್ನು ಗಮನಿಸಿ. ಎದುರಿಗಿರುವ ಮುಖ ನೋಡಿ ಆಡಿದ ಮಾತಿಗೇ ಅಷ್ಟು ಬಲವಿತ್ತು.

ಅವರು ಪರಿಶೀಲಿಸಿದ ಜಾಗಗಳಲ್ಲಿ ಸ್ಪೇನ್ ದೇಶದ ವೆಲೆನ್ಸಿಯಾ ಕೂಡ ಒಂದು. ಅಲ್ಲಿ ಕಾಲುವೆ ನೀರಿನ ತಕರಾರುಗಳನ್ನು ರೈತರೇ ಚುನಾಯಿಸಿದ ರೈತರು ಶತಮಾನಗಳಿಂದ ಬಗೆಹರಿಸುತ್ತಾ ಬಂದಿದ್ದಾರೆ. ಪ್ರತಿ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ, ಪ್ರಧಾನ ಚರ್ಚಿನ ಬಾಗಿಲಲ್ಲಿ, ಎಲ್ಲರ ಕಣ್ಣೆದುರು ವಿಚಾರಣೆ ನಡೆಯುತ್ತದೆ. ವಾದ, ಪ್ರತಿವಾದ, ತೀರ್ಪು ಎಲ್ಲವೂ ಬಾಯಿಮಾತಿನಲ್ಲೇ. ಯುನೆಸ್ಕೊ 2009ರಲ್ಲಿ ಇದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನೀರನ್ನು ಬಳಸುವವರೇ ನಿಯಮ ಮಾಡಿ, ತಾವೇ ಅದರ ಮೇಲೆ ಕಣ್ಣಿಟ್ಟಿದ್ದರಿಂದ ಆ ವ್ಯವಸ್ಥೆ ಇಷ್ಟು ಕಾಲ ಬಾಳಿದೆ. ನಾನೊಬ್ಬನೇ ಕುಳಿತು ಬರೆದ ಸುತ್ತೋಲೆಗೆ ಆ ಆಯುಸ್ಸು ಬರುವುದಿಲ್ಲ.

ಕಳೆದ ವರ್ಷದ ಕೊನೆಯಲ್ಲಿ ನಮ್ಮಲ್ಲೇ ನಡೆದದ್ದನ್ನು ನಿಮ್ಮಲ್ಲಿ ಕೆಲವರು ಬಲ್ಲಿರಿ. ತರಗತಿಯಲ್ಲಿ ಸಾಮಾನ್ಯವಾಗಿ ಬಾಯಿ ತೆರೆಯದ ಆರನೇ ತರಗತಿಯ ಬಾಲಕಿಯೊಬ್ಬಳು, ರದ್ದಿಗೆ ಹೊರಟಿದ್ದ ನೋಟುಪುಸ್ತಕಗಳ ರಾಶಿಯಿಂದ ಒಂದನ್ನು ಎತ್ತಿ, ಹಿಂದಿನ ಪುಟಗಳನ್ನು ಸರಸರನೆ ತಿರುವಿ, “ಇವೆಲ್ಲ ಖಾಲಿಯೇ ಇವೆಯಲ್ಲ?” ಎಂದು ಕೇಳಿದಳು. ಆ ಪ್ರಶ್ನೆ ಶಿಕ್ಷಕರ ಕೊಠಡಿಗೆ ಬಂತು, ಅಲ್ಲಿಂದ ಪೋಷಕರ ಕಿವಿಗೂ ಬಿತ್ತು. ಪುಸ್ತಕ ಕಟ್ಟುವ ಕೆಲಸ ಬಲ್ಲ ತಂದೆಯೊಬ್ಬರು ದಬ್ಬಳ, ದಾರ, ಅಂಟು ತಂದು ಮಕ್ಕಳ ನಡುವೆ ಕುಳಿತರು. ಪುಟಗಳ ಅಂಚನ್ನು ಮೇಜಿಗೆ ತಟ್ಟಿ ಸಮ ಮಾಡುವುದು, ಮೂರು ಕಡೆ ತೂತು ಹಾಕುವುದು, ಮಧ್ಯದ ತೂತಿನಿಂದ ಹೊಲಿಗೆ ಶುರುಮಾಡಿ ಅಲ್ಲಿಯೇ ಗಂಟು ಹಾಕುವುದು: ಎಲ್ಲವನ್ನೂ ಹೇಳಿಕೊಟ್ಟರು. ಗೆರೆಯ ಪುಟದ ನಡುವೆ ಚೌಕುಳಿ ಪುಟ ಬಂದರೂ ಮಕ್ಕಳಿಗೆ ಬೇಸರವಿಲ್ಲ. ಈಗ ಲೆಕ್ಕದ ಕಚ್ಚಾ ಕೆಲಸವೆಲ್ಲ ಆ ಪುಸ್ತಕಗಳಲ್ಲೇ ನಡೆಯುತ್ತಿದೆ.

ಜನರೇ ಸೇರಿ ತಮ್ಮ ತೊಂದರೆಗೆ ಹೊಸ ದಾರಿ ಕಂಡುಕೊಳ್ಳುವುದನ್ನು ‘ಸಾಮಾಜಿಕ ನಾವೀನ್ಯ’ ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ಇದೇ. ಹೊಸ ಯಂತ್ರವಾಗಲಿ ದೊಡ್ಡ ಅನುದಾನವಾಗಲಿ ಇರಲಿಲ್ಲ. ಕಾಗದ ಮೊದಲೇ ಇತ್ತು, ಕೌಶಲವೂ ಇತ್ತು. ಅವೆರಡನ್ನೂ ಒಂದೆಡೆ ತಂದದ್ದು ಒಂದು ಮಗು ಕೇಳಿದ, ದೊಡ್ಡವರು ಕಿವಿಗೊಟ್ಟ ಪ್ರಶ್ನೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಆರಂಭವಾಗಿ ಈಗ ಹಲವು ದೇಶಗಳಿಗೆ ಹಬ್ಬಿರುವ ‘ರಿಪೇರಿ ಕೆಫೆ’ಗಳೂ ಇದೇ ನೆಲೆಯವು. ಕೆಟ್ಟ ವಸ್ತು ತಂದವರು ಮತ್ತು ಸರಿಪಡಿಸಬಲ್ಲವರು ಅಲ್ಲಿ ಒಂದೇ ಮೇಜಿಗೆ ಕೂರುತ್ತಾರೆ.

ಸಂವಾದ ನಡೆಯುವ ರೀತಿ ಹೀಗಿರುತ್ತದೆ. 1995ರಲ್ಲಿ ರೂಪುಗೊಂಡ ‘ವರ್ಲ್ಡ್ ಕೆಫೆ’ ಎಂಬ ಪದ್ಧತಿಯನ್ನು ಅನುಸರಿಸುತ್ತೇವೆ. ಒಂದು ಮೇಜಿಗೆ ನಾಲ್ಕೈದು ಜನ, ಒಂದು ಪ್ರಶ್ನೆ, ಸುಮಾರು 20 ನಿಮಿಷ. ಆಮೇಲೆ ಒಬ್ಬರು ಅಲ್ಲಿಯೇ ಉಳಿದು ಮಿಕ್ಕವರು ಬೇರೆ ಮೇಜುಗಳಿಗೆ ಹೋಗುತ್ತಾರೆ. ಉಳಿದವರು ಹೊಸಬರಿಗೆ ಹಿಂದಿನ ಮಾತಿನ ಸಾರ ತಿಳಿಸುತ್ತಾರೆ, ಚರ್ಚೆ ಅಲ್ಲಿಂದ ಮುಂದುವರಿಯುತ್ತದೆ. ಪ್ರತಿ ಮೇಜಿನಲ್ಲೂ ಕನಿಷ್ಠ ಒಬ್ಬ ವಿದ್ಯಾರ್ಥಿ ಇರಬೇಕು ಮತ್ತು ಮೊದಲ ಮಾತು ಆ ವಿದ್ಯಾರ್ಥಿಯದೇ ಆಗಿರಬೇಕು. ಈ ಎರಡು ವಿಷಯಗಳಲ್ಲಿ ನಾನು ಹಠ ಹಿಡಿಯುತ್ತೇನೆ. ಸುಸ್ಥಿರತೆಯ ಬಗ್ಗೆ ವಿಶ್ವಸಂಸ್ಥೆಯ ಬ್ರಂಟ್‌ಲ್ಯಾಂಡ್ ಆಯೋಗ 1987ರ ವರದಿಯಲ್ಲಿ ಹೇಳಿದ್ದೂ ಅದನ್ನೇ ಅಲ್ಲವೇ? ಇಂದಿನ ಅಗತ್ಯಗಳನ್ನು ಪೂರೈಸಿಕೊಳ್ಳುವಾಗ ಮುಂದಿನ ಪೀಳಿಗೆಗಳು ತಮ್ಮ ಅಗತ್ಯ ಪೂರೈಸಿಕೊಳ್ಳುವ ಶಕ್ತಿಗೆ ಧಕ್ಕೆಯಾಗಬಾರದು. ಆ ಮುಂದಿನ ಪೀಳಿಗೆ ನಮ್ಮ ಬೆಂಚುಗಳ ಮೇಲೆಯೇ ಕುಳಿತಿರುವಾಗ, ಅವರನ್ನು ಹೊರಗೆ ಆಡಲು ಕಳಿಸಿ ನಾವು ಚರ್ಚಿಸುವುದು ಸರಿಯಲ್ಲ.

ಇಂಥ ಸಭೆಗಳು ಎಲ್ಲಿ ಸೊರಗುತ್ತವೆ ಎಂಬುದೂ ಗೊತ್ತಿರುವ ಸಂಗತಿಯೇ. ಮಾತು ಬಲ್ಲ ನಾಲ್ವರೇ ಮಾತನಾಡುತ್ತಾರೆ, ಅಥವಾ ಮೊದಲೇ ಆಗಿರುವ ತೀರ್ಮಾನಕ್ಕೆ ಒಪ್ಪಿಗೆಯ ಮುದ್ರೆ ಬೀಳುತ್ತದೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಬಜೆಟ್ಟಿನ ಒಂದು ಪಾಲನ್ನು ಜನರ ಸಭೆಗಳ ತೀರ್ಮಾನಕ್ಕೇ ಬಿಟ್ಟಾಗ ಜನ ಬಂದದ್ದು, ಅಲ್ಲಿ ಆಡಿದ ಮಾತಿಗೆ ನಿಜವಾದ ತೂಕ ಇತ್ತೆಂಬ ಕಾರಣಕ್ಕೆ. ಆದ್ದರಿಂದ ಶಾಲೆಯ ಪರವಾಗಿ ಭರವಸೆ ಕೊಡುತ್ತೇನೆ: ತೀರ್ಮಾನವನ್ನು ಜೇಬಿನಲ್ಲಿಟ್ಟುಕೊಂಡು ನಾವು ಬರುವುದಿಲ್ಲ. ಶಾಲೆಯ ನೀರು, ವಿದ್ಯುತ್ತು, ಕಾಗದದ ಖರ್ಚಿನ ಲೆಕ್ಕವನ್ನು ಎಲ್ಲ ಮೇಜುಗಳ ಮೇಲೂ ಇಡುತ್ತೇವೆ. ಸಂವಾದದಲ್ಲಿ ಒಪ್ಪಿದ ಕೆಲಸ ಯಾವುದು, ಹೊಣೆ ಯಾರದು, ಯಾವಾಗ ಮುಗಿಯಬೇಕು ಎಂಬುದನ್ನು ಸೂಚನಾ ಫಲಕದಲ್ಲಿ ಬರೆಯುತ್ತೇವೆ. ಆಗದೆ ಉಳಿದದ್ದನ್ನೂ ಅಲ್ಲಿಯೇ, ಕಾರಣದೊಂದಿಗೆ.

ಮೊದಲ ಸಂವಾದದ ವಿಷಯ ನೀರು. ನಿಮ್ಮ ಮನೆಯಲ್ಲಿ, ದುಡಿಯುವ ಜಾಗದಲ್ಲಿ ನೀರಿನ ವಿಷಯವಾಗಿ ನೀವು ಕಂಡ ತೊಂದರೆಯನ್ನೋ ಉಪಾಯವನ್ನೋ ಒಂದು ಚೀಟಿಯಲ್ಲಿ ಬರೆದು, ಸಂವಾದದ ಹಿಂದಿನ ಗುರುವಾರದೊಳಗೆ ಮಗುವಿನ ಕೈಯಲ್ಲಿ ಕಳಿಸಿ. ಬರೆಯಲು ಬಾರದಿದ್ದರೆ ಮಗುವಿನಿಂದಲೇ ಬರೆಸಿ. ಹೆಸರು ಹಾಕಲೇಬೇಕೆಂದಿಲ್ಲ. ಶನಿವಾರ ಕೆಲಸಕ್ಕೆ ಹೋಗುವವರ ಚೀಟಿಗಳನ್ನು ಅಂದು ಮಕ್ಕಳೇ ಓದಿ ಹೇಳುತ್ತಾರೆ. ಪುಟ್ಟ ಮಕ್ಕಳಿರುವವರು ಅವರನ್ನೂ ಕರೆತನ್ನಿ. ಪಕ್ಕದ ಕೊಠಡಿಯಲ್ಲಿ ಇಬ್ಬರು ಶಿಕ್ಷಕಿಯರು ಅವರನ್ನು ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಶುರುಮಾಡಿ ಹನ್ನೆರಡಕ್ಕೆ ಮುಗಿಸುತ್ತೇವೆ.

ನಿಮ್ಮ ನಿರೀಕ್ಷೆಯಲ್ಲಿ,
ಮುಖ್ಯ ಶಿಕ್ಷಕ